ಅರಸನೇ ಕಟ್ಟಿದ ಮಠ, ಅರಸನೇ ಕೆಡವಿದ ಮಠ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಟ ವೇಗದ ರೈಲು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಟ್ಟುವ ರೆಡಿಂಗ್ ನಗರವನ್ನು ನಮ್ಮವರಲ್ಲಿ ಅನೇಕರು ಬಲ್ಲದ್ದು ಐಟಿ ಕಂಪನಿಗಳ ಊರಾಗಿ. ನಿಲ್ದಾಣದಿಂದ ಹೊರಬಿದ್ದು, ಗಾಜಿನ ಕಟ್ಟಡಗಳನ್ನು ಹಾದು ಸ್ವಲ್ಪ ದೂರ ನಡೆದರೆ ಫೋರ್ಬರಿ ಎಂಬ ಉದ್ಯಾನ ಸಿಗುತ್ತದೆ. ಅದರ ಆಚೆ ಬದಿಗೆ, ಕೆನೆಟ್ ನದಿಯ ಕಡೆಗೆ, ಎತ್ತರವಾದ ಒರಟು ಗೋಡೆಗಳು ಅಲ್ಲಲ್ಲಿ ನಿಂತಿವೆ. ಚಾವಣಿಯಿಲ್ಲ, ಕಂಬಗಳಿಲ್ಲ, ಕೆತ್ತನೆಯಿಲ್ಲ. ಇಂಗ್ಲೆಂಡಿನ ಅರಸ ಮೊದಲನೆಯ ಹೆನ್ರಿ ತನ್ನ ಸಮಾಧಿಗೆಂದೇ ಕಟ್ಟಿಸಿದ, ಆ ದೇಶದ ಅತಿ ಶ್ರೀಮಂತ ಮಠಗಳಲ್ಲಿ ಒಂದಾಗಿದ್ದ ರೆಡಿಂಗ್ ಆ್ಯಬಿಯಲ್ಲಿ ಸ್ಥಳದಲ್ಲಿ ಉಳಿದಿರುವುದರ ಬಹುಭಾಗ ಇಷ್ಟೇ.

ಆ ಗೋಡೆಗಳ ಹತ್ತಿರ ಹೋಗಿ ನಿಂತವರಿಗೆ ಮೊದಲು ಕಾಣುವುದು ಚಕಮಕಿ ಕಲ್ಲುಗಳು. ಮುಷ್ಟಿಯಷ್ಟು, ತಲೆಯಷ್ಟು ದೊಡ್ಡ ಗುಂಡುಗಳು; ಹೊರಗೆ ಸುಣ್ಣ ಬಳಿದಂಥ ಬಿಳಿ ಪದರ, ಒಡೆದಲ್ಲಿ ಗಾಜಿನಂತೆ ಮಿನುಗುವ ಕಪ್ಪು. ಗಾರೆಯ ದಪ್ಪ ಹಾಸಿನಲ್ಲಿ ಅವನ್ನು ಸಾಲುಸಾಲಾಗಿ ಒತ್ತಿಟ್ಟಿದ್ದಾರೆ. ನೋಡುವವರು ಇದೇ ಗೋಡೆಯೆಂದು ತಿಳಿಯುವುದು ಸಹಜ. ಆದರೆ ಇದು ಗೋಡೆಯ ಒಳಗಿನ ತುಂಬುವಿಕೆ ಮಾತ್ರ. ಇದರ ಎರಡೂ ಬದಿಗೆ ನಯವಾಗಿ ಕೊರೆದ ಸುಣ್ಣಶಿಲೆಯ ಹೊದಿಕೆಯಿತ್ತು. ಅದರಲ್ಲೊಂದು ಭಾಗ ನಾರ್ಮಂಡಿಯ ಕಾನ್ ಪಟ್ಟಣದ ಗಣಿಗಳಿಂದ ಸಮುದ್ರ ದಾಟಿ, ಥೇಮ್ಸ್ ನದಿಯಲ್ಲಿ ದೋಣಿಯೇರಿ ಬಂದದ್ದು. ಕಣ್ಣಿಗೆ ಕಾಣಲೆಂದು ಇಟ್ಟದ್ದನ್ನೆಲ್ಲ ಜನ ಸುಲಿದುಕೊಂಡು ಹೋದರು. ಯಾರ ಕಣ್ಣಿಗೂ ಬೀಳಬಾರದೆಂದು ಒಳಗೆ ತುಂಬಿದ್ದು ಒಂಬತ್ತು ಶತಮಾನಗಳನ್ನು ದಾಟಿ ನಿಂತಿದೆ. ಈ ಮಠದ ಕಥೆಯನ್ನು ಓದುತ್ತ ಹೋದಂತೆ ನನಗೆ ಬಲವಾಗಿ ಅನ್ನಿಸಿದ್ದೆಂದರೆ, ಇದನ್ನು ಮೇಲೆತ್ತಿದ್ದೂ ಉರುಳಿಸಿದ್ದೂ ಒಂದೇ ಸಂಗತಿ: ಸಿಂಹಾಸನದೊಂದಿಗೆ ಇದಕ್ಕಿದ್ದ ಅತಿ ಹತ್ತಿರದ ನಂಟು.

ಆರಂಭ ಒಂದು ಹಡಗಿನ ದುರಂತದ ಬೆನ್ನಿಗೆ. 1120ರ ನವೆಂಬರ್ 25ರ ರಾತ್ರಿ ನಾರ್ಮಂಡಿಯ ಬಾರ್‌ಫ್ಲೂರ್ ಬಂದರಿನಿಂದ ‘ಬಿಳಿ ಹಡಗು’ ಎಂಬ ಹೆಸರಿನ ನೌಕೆ ಇಂಗ್ಲೆಂಡಿನ ಕಡೆ ಹೊರಟಿತು. ಅರಸ ಹೆನ್ರಿ ಅದಕ್ಕೂ ಮುಂಚೆ ಬೇರೊಂದು ಹಡಗಿನಲ್ಲಿ ಹೊರಟುಹೋಗಿದ್ದ. ಹಿಂದೆ ಉಳಿದ ಬಿಳಿ ಹಡಗಿನಲ್ಲಿ ಅವನ ಏಕೈಕ ಔರಸ ಪುತ್ರ ವಿಲಿಯಂ, ಅರಸನ ಇನ್ನಿಬ್ಬರು ವಿವಾಹಬಾಹಿರ ಮಕ್ಕಳು, ರಾಜ್ಯದ ದೊಡ್ಡ ಮನೆತನಗಳ ಯುವಕ ಯುವತಿಯರು ಸೇರಿ ಸುಮಾರು ಮುನ್ನೂರು ಜನರಿದ್ದರು. ಬಂದರಿನ ಬಾಯಲ್ಲೇ ಹಡಗು ಬಂಡೆಗೆ ಬಡಿದು ಮುಳುಗಿತು. ಬದುಕಿ ದಡ ಸೇರಿದವನು ರೂವಾನ್ ಪಟ್ಟಣದ ಒಬ್ಬ ಕಟುಕ ಎಂದು ಅಂದಿನ ಚರಿತ್ರಕಾರರು ಬರೆದಿದ್ದಾರೆ. ಸುದ್ದಿಯನ್ನು ಅರಸನಿಗೆ ಹೇಳುವ ಧೈರ್ಯ ಆಸ್ಥಾನದಲ್ಲಿ ಯಾರಿಗೂ ಇರಲಿಲ್ಲವಂತೆ. ಕೊನೆಗೆ ಒಬ್ಬ ಬಾಲಕನನ್ನು ಕಳುಹಿಸಿದರು, ಅವನು ಅಳುತ್ತ ಕಾಲಿಗೆ ಬಿದ್ದು ಹೇಳಿದಾಗ ಅರಸ ನೆಲಕ್ಕೆ ಕುಸಿದ.

ವಿವಾಹಬಾಹಿರ ಸಂತಾನ ಇಪ್ಪತ್ತಕ್ಕೂ ಹೆಚ್ಚಿದ್ದ ಹೆನ್ರಿಗೆ ಕಾನೂನಿನ ಪ್ರಕಾರ ಪಟ್ಟಕ್ಕೆ ಬರಬಲ್ಲ ಮಗನೊಬ್ಬನೂ ಉಳಿಯಲಿಲ್ಲ. ಹಿರಿಯ ರಾಣಿ ಮಟಿಲ್ಡಾ ಎರಡು ವರ್ಷಗಳ ಹಿಂದೆಯೇ ತೀರಿಕೊಂಡಿದ್ದಳು. 1121ರ ಜನವರಿಯಲ್ಲಿ ಅವನು ಲೂವೇನ್‌ನ ಅಡಲೀಝಾಳನ್ನು ಮದುವೆಯಾದ. ಅದೇ ವರ್ಷದ ಜೂನ್ 18ರಂದು ರೆಡಿಂಗಿನಲ್ಲಿ ಮಠಕ್ಕೆ ಅಡಿಗಲ್ಲು ಬಿತ್ತು. ಮೊದಲ ಸನ್ಯಾಸಿಗಳು ಬಂದದ್ದು ಫ್ರಾನ್ಸಿನ ಕ್ಲೂನಿಯಿಂದ ಮತ್ತು ಇಂಗ್ಲೆಂಡಿನಲ್ಲೇ ಇದ್ದ ಅದರ ಶಾಖೆ ಲ್ಯೂಯಿಸ್‌ನಿಂದ. ಸತ್ತವರ ಆತ್ಮಕ್ಕಾಗಿ ಮಾಡುವ ಪ್ರಾರ್ಥನೆಯ ವೈಭವಕ್ಕೆ ಯುರೋಪಿನಾದ್ಯಂತ ಹೆಸರಾಗಿದ್ದದ್ದು ಕ್ಲೂನಿಯ ಪರಂಪರೆ. ಅರಸ ಅದನ್ನೇ ಆರಿಸಿಕೊಂಡದ್ದರ ಹಿಂದೆ ಲೆಕ್ಕಾಚಾರವಿತ್ತು, ದುಃಖವೂ ಇತ್ತು.

ಸ್ಥಳದ ಆಯ್ಕೆಯೂ ಹಾಗೆಯೇ. ಕೆನೆಟ್ ನದಿ ಥೇಮ್ಸ್ ಸೇರುವ ಕೂಡಲಿ ಅದು. ಲಂಡನ್, ಆಕ್ಸ್‌ಫರ್ಡ್, ವಿಂಚೆಸ್ಟರ್ ಕಡೆಗಳ ದಾರಿಗಳು ಹಾಯುವ ಜಾಗ, ನೀರಿನ ಸಾಗಾಟಕ್ಕೆ ಅನುಕೂಲ, ಅರಸರು ಸದಾ ಸಂಚಾರದಲ್ಲಿರುತ್ತಿದ್ದ ಕಾಲಕ್ಕೆ ತಂಗುದಾಣವಾಗಿ ಹೇಳಿ ಮಾಡಿಸಿದ ನೆಲೆ. ಸುಮಾರು 450 ಅಡಿ ಉದ್ದದ ದೇವಾಲಯವನ್ನು ಅಲ್ಲಿ ಎಬ್ಬಿಸುವ ಯೋಜನೆ ಸಿದ್ಧವಾಯಿತು. ಮೊದಲ ಮಠಾಧಿಪತಿಯಾಗಿ 1123ರಲ್ಲಿ ಅಮಿಯಾದ ಹ್ಯೂ ಬಂದ. ಮುಂದೆ ಅವನು ರೂವಾನ್‌ನ ಆರ್ಚ್‌ಬಿಷಪ್ಪನಾದ.

1125ರ ತಾರೀಖು ಹೊತ್ತಿರುವ ಸ್ಥಾಪನೆಯ ದಾನಪತ್ರವನ್ನು ಓದುವಾಗ ಕನ್ನಡದ ಓದುಗರಿಗೆ ಪರಿಚಿತ ದನಿಯೊಂದು ಕೇಳಿಸುತ್ತದೆ. ತನ್ನ ಆತ್ಮದ, ತಂದೆ ವಿಲಿಯಂನ, ಅಣ್ಣ ವಿಲಿಯಂನ, ಮಗ ವಿಲಿಯಂನ, ತಾಯಿ ಮಟಿಲ್ಡಾಳ, ಹೆಂಡತಿ ಮಟಿಲ್ಡಾಳ ಆತ್ಮಗಳ ಸದ್ಗತಿಗಾಗಿ ಈ ದತ್ತಿಯನ್ನು ಬಿಡುತ್ತಿದ್ದೇನೆ ಎಂದು ಅರಸ ಹೇಳಿಸಿದ್ದಾನೆ. ರೆಡಿಂಗ್, ಚೋಲ್ಸಿ, ಲೆಮ್‌ಸ್ಟರ್ ಈ ಮೂರೂ ಕಡೆ ಹಿಂದೆ ಇದ್ದು ಹಾಳಾದ ಹಳೆಯ ಮಠಗಳ ಆಸ್ತಿ ಹೊಸ ಮಠಕ್ಕೆ ಸೇರಿತು. ನಂತರ ಬರುವ ಷರತ್ತುಗಳು ಇನ್ನೂ ಗಮನಾರ್ಹ. ಮಠಾಧಿಪತಿ ಸತ್ತರೆ ಮಠದ ಆದಾಯವನ್ನು ರಾಜನಾಗಲಿ ಅಧಿಕಾರಿಯಾಗಲಿ ವಶಪಡಿಸಿಕೊಳ್ಳತಕ್ಕದ್ದಲ್ಲ. ಹೊಸಬರು ಬರುವವರೆಗೆ ಅದು ಸನ್ಯಾಸಿಗಳ ಕೈಯಲ್ಲೇ ಇರಬೇಕು. ಮಠಾಧಿಪತಿಯಾದವನು ಆ ಹಣವನ್ನು ತನ್ನ ಬಂಧುಬಳಗಕ್ಕೆ ಹಂಚಬಾರದು. ಬಡವರ, ಯಾತ್ರಿಕರ, ಅತಿಥಿಗಳ ಸೇವೆಗೆ ಬಳಸಬೇಕು. ಕೊನೆಯಲ್ಲಿ ಶಾಪವೂ ಇದೆ: ಈ ದತ್ತಿಯನ್ನು ತಿಳಿದೂ ತಿಳಿದೂ ಮುರಿಯುವವನನ್ನು, ಕುಂದಿಸುವವನನ್ನು, ಅವನ ಸಂತತಿಯ ಸಹಿತ, ಸಕಲರ ನ್ಯಾಯಾಧಿಪತಿ ಸ್ಥಾನಭ್ರಷ್ಟನನ್ನಾಗಿ ಮಾಡಿ ಬೇರುಸಹಿತ ಕೀಳಲಿ ಎಂದು. ನಮ್ಮ ದಾನಶಾಸನಗಳ ಕೊನೆಯಲ್ಲಿ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ಕೊರೆಯಿಸಿದ್ದನ್ನು ಓದಿದವರಿಗೆ ಈ ಭಯ ಎಲ್ಲಿಂದ ಬರುತ್ತದೆ ಎಂಬುದು ಗೊತ್ತು. ಕೊಡುವ ಅರಸನಿಗೆ ಮುಂದೆ ಬರುವ ಅರಸನ ಸ್ವಭಾವ ಚೆನ್ನಾಗಿ ತಿಳಿದಿರುತ್ತದೆ, ಏಕೆಂದರೆ ಅದು ಅವನದೇ ಸ್ವಭಾವ.

ಹೆನ್ರಿ ಸತ್ತದ್ದು 1135ರ ಡಿಸೆಂಬರ್ 1ರಂದು, ನಾರ್ಮಂಡಿಯ ಲಿಯಾನ್ ಕಾಡಿನ ಬೇಟೆಮನೆಯಲ್ಲಿ. ವೈದ್ಯರು ಬೇಡವೆಂದರೂ ಹಾವುಮೀನಿನಂಥ ಲ್ಯಾಂಪ್ರೆ ಮೀನನ್ನು ತಿಂದು ಕಾಯಿಲೆ ಬಿದ್ದನೆಂಬುದು ಹಂಟಿಂಗ್ಡನ್‌ನ ಹೆನ್ರಿ ಎಂಬ ಸಮಕಾಲೀನ ಚರಿತ್ರಕಾರ ಬರೆದಿಟ್ಟ ಮಾತು. ಶವವನ್ನು ರೂವಾನ್‌ಗೆ ತಂದು, ಕರುಳು ಮೊದಲಾದ ಒಳಭಾಗಗಳನ್ನು ತೆಗೆದು ಅಲ್ಲಿಯೇ ಹೂಳಿದರು. ದೇಹವನ್ನು ಕೊಯ್ದು ಉಪ್ಪು ತುಂಬಿ ಎತ್ತಿನ ಚರ್ಮದಲ್ಲಿ ಹೊಲಿದರು. ಆದರೂ ಕಾನ್ ಪಟ್ಟಣದಲ್ಲಿ ಗಾಳಿ ಅನುಕೂಲವಾಗುವವರೆಗೆ ವಾರಗಟ್ಟಲೆ ಕಾಯಬೇಕಾಗಿ ಬಂದು, ಚರ್ಮದೊಳಗಿಂದ ಕಪ್ಪು ದ್ರವ ಸೋರಿ ನೆಲದ ಮೇಲಿಟ್ಟ ಪಾತ್ರೆಗಳಲ್ಲಿ ತುಂಬುತ್ತಿತ್ತೆಂದು ಅದೇ ಚರಿತ್ರಕಾರ ಹೇಳುತ್ತಾನೆ. ಮೂವತ್ತೈದು ವರ್ಷ ಆಳಿದ ಅರಸನ ಕೊನೆಯ ಪ್ರಯಾಣವನ್ನು ಇಷ್ಟು ಬಿಚ್ಚಿ ಹೇಳುವಾಗ ಅವನ ಉದ್ದೇಶ ದೇಹದ ನಶ್ವರತೆಯನ್ನು ತೋರಿಸುವುದಾಗಿತ್ತು.

1136ರ ಜನವರಿಯ ಮೊದಲ ವಾರದಲ್ಲಿ, ಇನ್ನೂ ಕಟ್ಟಿ ಮುಗಿಯದ ದೇವಾಲಯದ ಪ್ರಧಾನ ಬಲಿಪೀಠದ ಎದುರು ಅವನನ್ನು ಸಮಾಧಿ ಮಾಡಿದರು. ಮುಂದೆ ನಿಂತು ಅಂತ್ಯಕ್ರಿಯೆ ನಡೆಸಿದವನು ಸೋದರಳಿಯ ಸ್ಟೀಫನ್. ಅರಸನ ಮಗಳು ಮಟಿಲ್ಡಾಳೇ ಪಟ್ಟಕ್ಕೆ ಬರಲಿ ಎಂದು ಪ್ರಮಾಣ ಮಾಡಿದ್ದ ಇವನು, ಆ ಹೊತ್ತಿಗಾಗಲೇ ತಾನೇ ಕಿರೀಟ ಧರಿಸಿಯಾಗಿತ್ತು. ಮುಂದಿನ ಹದಿನೆಂಟು ವರ್ಷಗಳ ಒಳಜಗಳ ಇಂಗ್ಲೆಂಡನ್ನು ಹಣ್ಣುಮಾಡಿತು.

ಆ ಮಟಿಲ್ಡಾ ಮಠಕ್ಕೆ ಕೊಟ್ಟ ಕಾಣಿಕೆಯೇ ಅದರ ಕೀರ್ತಿಗೆ ಮೂಲವಾಯಿತು. ಜರ್ಮನಿಯ ಚಕ್ರವರ್ತಿ ಐದನೆಯ ಹೆನ್ರಿಯ ರಾಣಿಯಾಗಿದ್ದ ಅವಳು 1125ರಲ್ಲಿ ವಿಧವೆಯಾಗಿ ತವರಿಗೆ ಮರಳುವಾಗ, ಅಲ್ಲಿನ ಸಾಮ್ರಾಜ್ಯದ ಪ್ರಾರ್ಥನಾ ಮಂದಿರದ ನಿಧಿಯಿಂದ ಪ್ರೇಷಿತ ಸಂತ ಯಾಕೋಬನದೆಂದು ನಂಬಲಾದ ಒಂದು ಕೈಯನ್ನು ತನ್ನೊಂದಿಗೆ ತಂದಳು. ಸಂತನ ದೇಹವಿದೆಯೆಂದು ಸ್ಪೇನಿನ ಸಾಂತಿಯಾಗೊಗೆ ಸಾವಿರಾರು ಜನ ನಡೆದು ಹೋಗುತ್ತಿದ್ದ ಕಾಲವದು. ಅವನ ಕೈ ರೆಡಿಂಗಿನಲ್ಲಿದೆ ಎಂದ ಮೇಲೆ ಯಾತ್ರಿಕರು ಇಲ್ಲಿಗೂ ಬಂದರು. ಯಾತ್ರಿಕರ ಗುರುತಾದ ಚಿಪ್ಪು ಮಠದ ಲಾಂಛನವಾಗಿ, ಮೂರು ಚಿಪ್ಪುಗಳು ಅದರ ಫಲಕದ ಮೇಲೆ ಬಂದವು.

ಆ ಕೈಗಾಗಿ ಎರಡು ರಾಜ್ಯಗಳ ನಡುವೆ ನಡೆದ ವ್ಯವಹಾರ ನನಗೆ ಬಹಳ ಇಷ್ಟವಾದ ಪ್ರಸಂಗ. 1157ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಅದನ್ನು ಹಿಂದಿರುಗಿಸಬೇಕೆಂದು ಕೇಳಿ ಬರೆದ. ಆಗ ಇಂಗ್ಲೆಂಡನ್ನು ಆಳುತ್ತಿದ್ದವನು ಮಟಿಲ್ಡಾಳ ಮಗ ಎರಡನೆಯ ಹೆನ್ರಿ. ಅವನು ಕಳುಹಿಸಿದ ಉತ್ತರದಲ್ಲಿ ವಿನಯ ತುಂಬಿ ತುಳುಕುತ್ತದೆ. ನಮ್ಮ ರಾಜ್ಯವೇ ನಿಮ್ಮ ಅಧೀನವೆಂಬಷ್ಟು ಧಾರಾಳದ ಮಾತುಗಳಿವೆ. ಸಂತ ಯಾಕೋಬನ ಕೈಯ ವಿಷಯಕ್ಕೆ ಬಂದಾಗ ಮಾತ್ರ, ಅದರ ಉತ್ತರವನ್ನು ನಮ್ಮ ದೂತರ ಬಾಯಲ್ಲಿ ಹೇಳಿಕಳುಹಿಸಿದ್ದೇವೆ ಎಂಬ ಒಂದೇ ಸಾಲು. ಜೊತೆಗೆ ಒಂದು ಭಾರೀ ಡೇರೆಯನ್ನು ಉಡುಗೊರೆಯಾಗಿ ಕಳುಹಿಸಿದ. ಯಂತ್ರಗಳ ಸಹಾಯವಿಲ್ಲದೆ ಎತ್ತಲಾರದಷ್ಟು ದೊಡ್ಡದೆಂದು ಜರ್ಮನಿಯ ಚರಿತ್ರಕಾರನೇ ಬೆರಗಿನಿಂದ ದಾಖಲಿಸಿದ್ದಾನೆ. ಕೈ ರೆಡಿಂಗಿನಲ್ಲೇ ಉಳಿಯಿತು.

ಎರಡನೆಯ ಹೆನ್ರಿಗೆ ಅಜ್ಜನ ಈ ಮಠ ಬರಿಯ ಧರ್ಮಕ್ಷೇತ್ರವಾಗಿರಲಿಲ್ಲ. ತಾನು ಆಳುತ್ತಿರುವುದು ಯಾವ ಹಕ್ಕಿನಿಂದ ಎಂಬುದಕ್ಕೆ ಸಾಕ್ಷಿಯಾಗಿತ್ತು. 1156ರಲ್ಲಿ ಮೂರೇ ವರ್ಷದ ಅವನ ಚೊಚ್ಚಲ ಮಗ ವಿಲಿಯಂ ತೀರಿಕೊಂಡಾಗ, ಆ ಮಗುವನ್ನು ಮುತ್ತಜ್ಜನ ಕಾಲಬಳಿ ಮಣ್ಣು ಮಾಡಿದರು. 1164ರಲ್ಲಿ ದೇವಾಲಯದ ಪ್ರತಿಷ್ಠೆಯನ್ನು ನೆರವೇರಿಸಿದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್, ಅರಸನೂ ಎದುರಿಗಿದ್ದ. ಆ ಹೊತ್ತಿಗಾಗಲೇ ಇಬ್ಬರ ನಡುವೆ ಬಿರುಕು ಮೂಡಿತ್ತು. ಅದೇ ವರ್ಷ ಬೆಕೆಟ್ ದೇಶ ಬಿಟ್ಟು ಹೋದ; ಆರು ವರ್ಷಗಳ ನಂತರ ಅರಸನ ಕಡೆಯವರು ಅವನನ್ನು ಅವನ ಕೆಥೆಡ್ರಲ್‌ನೊಳಗೇ ಕೊಂದರು.

ಪ್ರತಿಷ್ಠೆಯ ಹಿಂದಿನ ವರ್ಷ, 1163ರಲ್ಲಿ, ಮಠದ ಹತ್ತಿರದ ಥೇಮ್ಸ್ ನದಿಯ ದ್ವೀಪವೊಂದರಲ್ಲಿ ದ್ವಂದ್ವಯುದ್ಧ ನಡೆಯಿತು. ಅರಸನ ಧ್ವಜವನ್ನು ಹೊರುವ ವಂಶಪಾರಂಪರ್ಯದ ಹಕ್ಕಿದ್ದ ಎಸೆಕ್ಸ್‌ನ ಹೆನ್ರಿ, ವೇಲ್ಸ್‌ನ ಕಾಳಗದಲ್ಲಿ ಅರಸ ಸತ್ತನೆಂದು ಕೂಗಿ ಧ್ವಜವನ್ನು ಬಿಸುಟನೆಂದು ರಾಬರ್ಟ್ ಡಿ ಮಾಂಟ್‌ಫೋರ್ಟ್ ಆರೋಪಿಸಿದ್ದ. ಸತ್ಯ ಯಾರದೆಂದು ಕತ್ತಿಯೇ ತೀರ್ಮಾನಿಸಬೇಕಿತ್ತು. ಎಸೆಕ್ಸ್‌ನ ಹೆನ್ರಿ ಉರುಳಿದ. ಸತ್ತನೆಂದು ತಿಳಿದು, ಬಂಧುಗಳ ಕೋರಿಕೆಯಂತೆ, ಹೂಳಲು ಅವನನ್ನು ಮಠದ ಸನ್ಯಾಸಿಗಳಿಗೆ ಒಪ್ಪಿಸಿದರು. ಮಠದೊಳಗೆ ಅವನಿಗೆ ಉಸಿರು ಮರಳಿತು. ಮಾನವೂ ಆಸ್ತಿಯೂ ಹೋಗಿದ್ದ ಅವನು ಅಲ್ಲಿಯೇ ಸನ್ಯಾಸ ಸ್ವೀಕರಿಸಿ ಉಳಿದ ಆಯುಷ್ಯವನ್ನು ಕಳೆದ. ಆಸ್ಥಾನದಲ್ಲಿ ಬಿದ್ದವನಿಗೆ ಮಠದಲ್ಲಿ ಒಂದು ಮೂಲೆ ಸಿಗಬಹುದಾಗಿತ್ತು ಎಂಬುದು ಆ ಕಾಲದ ದೊಡ್ಡ ಸಮಾಧಾನ. ಮುಂದೊಂದು ದಿನ ಮಠಕ್ಕೇ ಆಶ್ರಯವಿಲ್ಲದ ಕಾಲ ಬರುತ್ತದೆಂದು ಆಗ ಯಾರೂ ಊಹಿಸಿರಲಾರರು.

1185ರಲ್ಲಿ ಜೆರುಸಲೇಮಿನ ಕ್ರೈಸ್ತ ಧರ್ಮಾಧ್ಯಕ್ಷ ಹೆರಾಕ್ಲಿಯಸ್ ಅಷ್ಟು ದೂರದಿಂದ ಇಲ್ಲಿಗೇ ಬಂದು, ಆ ಪವಿತ್ರ ನಗರದ ಕೀಲಿಕೈಗಳನ್ನೂ ಧ್ವಜವನ್ನೂ ಎರಡನೆಯ ಹೆನ್ರಿಯ ಮುಂದಿಟ್ಟು, ನಮ್ಮನ್ನು ಸಲಾವುದ್ದೀನನಿಂದ ಕಾಪಾಡು ಎಂದು ಬೇಡಿಕೊಂಡ. ಅರಸ ಗೌರವದಿಂದ ಉಪಚರಿಸಿದ, ಹೋಗಲು ಒಪ್ಪಲಿಲ್ಲ. ಎರಡು ವರ್ಷಗಳಲ್ಲಿ ಜೆರುಸಲೇಮ್ ಸಲಾವುದ್ದೀನನ ವಶವಾಯಿತು.

ನಂತರದ ಎರಡು ಮೂರು ಶತಮಾನಗಳಲ್ಲಿ ಅರಸರ ಬರವು ನಿಲ್ಲಲೇ ಇಲ್ಲ. 1359ರಲ್ಲಿ ಮೂರನೆಯ ಎಡ್ವರ್ಡನ ಮಗ ಜಾನ್ ಆಫ್ ಗಾಂಟ್ ಇಲ್ಲಿ ಲ್ಯಾಂಕಾಸ್ಟರಿನ ಬ್ಲಾಂಚಳನ್ನು ವರಿಸಿದ. ಅವರ ಮಗನೇ ಮುಂದೆ ನಾಲ್ಕನೆಯ ಹೆನ್ರಿಯಾಗಿ ಕಿರೀಟ ಕಸಿದುಕೊಂಡವನು. 1453ರಲ್ಲಿ ಪಾರ್ಲಿಮೆಂಟು ರೆಡಿಂಗಿನಲ್ಲಿ ಸೇರಿತು. 1464ರಲ್ಲಿ ನಾಲ್ಕನೆಯ ಎಡ್ವರ್ಡ್, ತಾನು ಗುಟ್ಟಾಗಿ ಮದುವೆಯಾಗಿದ್ದ ಎಲಿಝಬೆತ್ ವುಡ್‌ವಿಲ್‌ಳನ್ನು ರಾಣಿಯೆಂದು ಮೊದಲು ಪ್ರಕಟಿಸಿದ್ದು ಇಲ್ಲಿಯ ಮಹಾಸಭೆಯಲ್ಲಿ. ಫ್ರಾನ್ಸಿನ ಅರಸನ ನಾದಿನಿಯೊಡನೆ ಅವನ ಸಂಬಂಧ ಕುದುರಿಸಲು ಓಡಾಡುತ್ತಿದ್ದ ವಾರಿಕ್‌ನ ಅರ್ಲ್, ಒಳಗೆ ಕುದಿಯುತ್ತಲೇ ಅವಳ ಕೈಹಿಡಿದು ಮಠದ ದೇವಾಲಯಕ್ಕೆ ಕರೆದೊಯ್ಯಬೇಕಾಯಿತು. ಇಷ್ಟೆಲ್ಲ ವೈಭವದ ನಡುವೆ ಸ್ಥಾಪಕನ ಸಮಾಧಿಯೇ ಹದಗೆಟ್ಟಿತ್ತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಎರಡನೆಯ ರಿಚರ್ಡ್ ಮಠದ ಹಕ್ಕುಗಳನ್ನು ಸ್ಥಿರಪಡಿಸುವಾಗ, ಹೆನ್ರಿಯ ಸಮಾಧಿಯನ್ನೂ ಅದರ ಮೇಲಿನ ಮೂರ್ತಿಯನ್ನೂ ಒಂದು ವರ್ಷದೊಳಗೆ ಸರಿಪಡಿಸಬೇಕೆಂದು ಷರತ್ತು ಹಾಕಿದ. ನಿತ್ಯ ಪ್ರಾರ್ಥನೆಯಲ್ಲಿ ಹೆಸರು ಹೇಳುತ್ತಿದ್ದವರ ಕಣ್ಣೆದುರಿಗೇ ಕಲ್ಲು ಸವೆದಿತ್ತು.

ಊರಿನವರಿಗೆ ಮಠದ ಮೇಲೆ ಬರಿಯ ಭಕ್ತಿಯೇ ಇತ್ತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸಂತೆ, ಸುಂಕ, ನ್ಯಾಯಾಧಿಕಾರ, ಎಲ್ಲವೂ ಮಠದ ಕೈಯಲ್ಲಿತ್ತು. ವರ್ತಕರ ಸಂಘ ತನ್ನ ಹಕ್ಕಿಗಾಗಿ ಮಠಾಧಿಪತಿಗಳೊಂದಿಗೆ ತಲೆಮಾರುಗಳ ಕಾಲ ಹೋರಾಡಿತು. 1253ರಲ್ಲಿ ಒಂದು ಒಪ್ಪಂದವಾದರೂ ಜಗಳ ಮುಗಿಯಲಿಲ್ಲ. ಮುಂದೆ ಮಠ ಉರುಳಿದಾಗ ಊರಿನ ಎಲ್ಲರ ಕಣ್ಣಲ್ಲೂ ನೀರಿರಲಿಲ್ಲ ಎಂಬುದನ್ನು ಮರೆಯಬಾರದು.

ಅರಸರ ಹೆಸರುಗಳ ಈ ಮೆರವಣಿಗೆಯ ನಡುವೆ, ನನ್ನ ಮಟ್ಟಿಗೆ ಮಠದ ಅತಿ ದೊಡ್ಡ ಸಂಪತ್ತು ಒಂದು ಹಾಳೆ. 1260ರ ದಶಕದ ಒಂದು ಹಸ್ತಪ್ರತಿಯಲ್ಲಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಹಾರ್ಲಿ 978 ಎಂಬ ಸಂಪುಟದಲ್ಲಿ, ಸ್ವರಲಿಪಿಯ ಸಹಿತ ಒಂದು ಹಾಡು ಇದೆ: ‘ಸುಮರ್ ಇಸ್ ಇಕುಮೆನ್ ಇನ್’, ಬೇಸಿಗೆ ಬಂದಿತು ಎಂದು. ಕೋಗಿಲೆ ಜಾತಿಯ ಕುಕ್ಕೂ ಹಕ್ಕಿಗೆ ಗಟ್ಟಿಯಾಗಿ ಹಾಡು ಎನ್ನುತ್ತದೆ ಅದು. ಬೀಜ ಮೊಳೆಯುತ್ತಿದೆ, ಹುಲ್ಲುಗಾವಲು ಅರಳುತ್ತಿದೆ, ಕುರಿ ತನ್ನ ಮರಿಗಾಗಿ ಅರಚುತ್ತಿದೆ, ಹಸು ಕರುವಿಗಾಗಿ ಅಂಬಾ ಎನ್ನುತ್ತಿದೆ, ಹೋರಿ ನೆಗೆಯುತ್ತಿದೆ. ನಾಲ್ವರು ಒಬ್ಬರ ಹಿಂದೊಬ್ಬರು ಅದೇ ಧಾಟಿಯನ್ನು ಎತ್ತಿಕೊಳ್ಳಬೇಕು; ಅವರ ಕೆಳಗೆ ಇನ್ನಿಬ್ಬರು ಚಿಕ್ಕದೊಂದು ಸಾಲನ್ನು ಮರಳಿ ಮರಳಿ ಹಾಡುತ್ತಿರಬೇಕು. ಹೀಗೆ ಆರು ಧ್ವನಿಗಳು ಕೂಡುವ ಇಷ್ಟು ಹಳೆಯ ರಚನೆ ಯುರೋಪಿನಲ್ಲಿ ಬೇರೆ ಉಳಿದಿಲ್ಲ. ಹೇಗೆ ಹಾಡಬೇಕೆಂಬ ಸೂಚನೆಯನ್ನು ಲ್ಯಾಟಿನ್ನಿನಲ್ಲಿ ಅಲ್ಲಿಯೇ ಬರೆದಿದ್ದಾರೆ.

ಆ ಪುಟವನ್ನು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಸ್ವರಗಳ ಕೆಳಗೆ ಕಪ್ಪು ಶಾಯಿಯಲ್ಲಿ ಇಂಗ್ಲಿಷ್ ಸಾಲುಗಳಿವೆ. ಅವುಗಳ ಕೆಳಗೇ ಕೆಂಪು ಶಾಯಿಯಲ್ಲಿ ಲ್ಯಾಟಿನ್ ಸಾಲುಗಳು. ಲ್ಯಾಟಿನ್ ಪಾಠ ಕ್ರಿಸ್ತನ ಬಲಿದಾನವನ್ನು ಕುರಿತದ್ದು. ಒಂದೇ ಧಾಟಿಗೆ ಹೊಲದ ಹಾಡೂ ದೇವರ ಹಾಡೂ ಹೊಂದಿಕೊಂಡಿವೆ. ಅದೇ ಸಂಪುಟದಲ್ಲಿ ಮರಿ ಡಿ ಫ್ರಾನ್ಸ್ ಎಂಬ ಕವಯಿತ್ರಿಯ ಫ್ರೆಂಚ್ ಕಥನಕವನಗಳಿವೆ, ಔಷಧದ ಟಿಪ್ಪಣಿಗಳಿವೆ, ಅರಸನ ವಿರುದ್ಧ ಪಾಳೆಯಗಾರರು ಗೆದ್ದ ಲ್ಯೂಯಿಸ್ ಕಾಳಗವನ್ನು ಹಾಡಿಹೊಗಳುವ ಲ್ಯಾಟಿನ್ ಪದ್ಯವಿದೆ. ಅರಸ ಕಟ್ಟಿಸಿದ ಮಠದ ಪುಸ್ತಕವೊಂದರಲ್ಲಿ, ಅರಸನೂ ಕಾನೂನಿಗೆ ಒಳಪಟ್ಟವನೆಂದು ವಾದಿಸುವ ಪದ್ಯ! ಸನ್ಯಾಸಿಗಳ ಆಸಕ್ತಿ ನಾವು ಊಹಿಸುವುದಕ್ಕಿಂತ ವಿಶಾಲವಾಗಿತ್ತು.

ಕೊನೆಯ ಅಧ್ಯಾಯದ ನಾಯಕ ಹ್ಯೂ ಫ್ಯಾರಿಂಗ್ಡನ್. 1520ರಲ್ಲಿ ಮಠಾಧಿಪತಿಯಾದ ಇವನು ಎಂಟನೆಯ ಹೆನ್ರಿಗೆ ಆಪ್ತನಾಗಿದ್ದ, ಆಸ್ಥಾನದ ಪಾದ್ರಿಗಳಲ್ಲಿ ಒಬ್ಬನಾಗಿದ್ದ, ಮಠಾಧಿಪತಿಯ ಸ್ಥಾನಬಲದಿಂದ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಕೂರುತ್ತಿದ್ದ. ಅರಸ ಹೊಸ ವರ್ಷಕ್ಕೆ ಅವನಿಗೆ ಬಿಳಿ ಚರ್ಮದ ಚೀಲದಲ್ಲಿ ಇಪ್ಪತ್ತು ಪೌಂಡ್ ಉಡುಗೊರೆ ಕಳುಹಿಸಿದ್ದುಂಟು. ಹೆನ್ರಿ ತನ್ನ ಮೊದಲ ಮದುವೆಯನ್ನು ರದ್ದುಪಡಿಸಲು ಪೋಪ್‌ನ ಅನುಮತಿ ಬೇಡಿದಾಗ, ಆ ಅರ್ಜಿಗೆ ಸಹಿ ಹಾಕಿದವರಲ್ಲಿ ಹ್ಯೂ ಒಬ್ಬ. ಅರಸನ ವಾದಕ್ಕೆ ಆಧಾರ ಹುಡುಕಲು ಮಠದ ಗ್ರಂಥಾಲಯದಿಂದ ಪುಸ್ತಕಗಳೂ ಹೋದವು. 1537ರಲ್ಲಿ ರಾಣಿ ಜೇನ್ ಸೀಮೂರ್ ಸತ್ತಾಗ ಅವಳ ಅಂತ್ಯವಿಧಿಗಳಲ್ಲಿ ಇವನೂ ಇದ್ದ. ಇಷ್ಟು ನಿಷ್ಠೆ ತೋರಿದವನಿಗೆ ತನ್ನ ಮಠ ಉಳಿಯುತ್ತದೆಂಬ ಭರವಸೆ ಇದ್ದಿರಬೇಕು.

1538ರ ಸೆಪ್ಟೆಂಬರಿನಲ್ಲಿ ಜಾನ್ ಲಂಡನ್ ಎಂಬ ಅಧಿಕಾರಿ ಬಂದು ಪವಿತ್ರ ಅವಶೇಷಗಳ ಪಟ್ಟಿ ಮಾಡಿದ. ಶಿಲುಬೆಯ ಎರಡು ತುಂಡು, ಸಂತ ಯಾಕೋಬನ ಕೈ, ಮಗ್ದಲದ ಮರಿಯಳ ಎಲುಬು ಎಂದು ಒಂದೊಂದಾಗಿ ಬರೆದು, ಅವನ್ನೆಲ್ಲ ಪ್ರಧಾನ ಬಲಿಪೀಠದ ಹಿಂದೆ ಇಟ್ಟು ಬೀಗ ಹಾಕಿದ್ದೇನೆ, ಕೀಲಿಕೈ ನನ್ನ ಬಳಿ ಇದೆ ಎಂದು ಮಂತ್ರಿ ಥಾಮಸ್ ಕ್ರಾಮ್ವೆಲ್‌ಗೆ ತಿಳಿಸಿದ. ಸ್ಥಾಪಕ ಅರಸನ ಸಮಾಧಿಯಿಂದ ಕೆಲವೇ ಹೆಜ್ಜೆ ದೂರದ ಜಾಗವದು. ಮಠದ ವಾರ್ಷಿಕ ಆದಾಯ ಆಗ 1,900 ಪೌಂಡ್‌ಗಳಿಗೂ ಮಿಕ್ಕಿತ್ತು. ಸರಕಾರದ ಕಣ್ಣು ಅದರ ಮೇಲೆ ಬಿದ್ದಾಗಿತ್ತು.

ಹ್ಯೂ ಮಠವನ್ನು ತಾನಾಗಿ ಒಪ್ಪಿಸಲಿಲ್ಲ. ಇಂಗ್ಲೆಂಡಿನ ಧರ್ಮಸಭೆಗೆ ಅರಸನೇ ಮುಖ್ಯಸ್ಥ ಎಂಬುದನ್ನು ಅಲ್ಲಗಳೆದನೆಂದು ಅವನ ಮೇಲೆ ರಾಜದ್ರೋಹದ ಆರೋಪ ಬಂತು. ಕ್ರಾಮ್ವೆಲ್‌ನ ನೆನಪಿನ ಟಿಪ್ಪಣಿಗಳಲ್ಲಿ ಒಂದು ಸಾಲು ಇಂದಿಗೂ ಉಳಿದಿದೆ: ರೆಡಿಂಗಿನ ಮಠಾಧಿಪತಿಯನ್ನು ರೆಡಿಂಗಿಗೆ ಕಳುಹಿಸಿ, ಅಲ್ಲಿ ವಿಚಾರಣೆ ನಡೆಸಿ ಗಲ್ಲಿಗೇರಿಸಬೇಕು ಎಂದು. ವಿಚಾರಣೆಗೆ ಮುನ್ನವೇ ತೀರ್ಪು ಬರೆದಾಗಿತ್ತು. 1539ರ ನವೆಂಬರ್ ಮಧ್ಯದಲ್ಲಿ, ಜಾನ್ ಐನನ್ ಮತ್ತು ಜಾನ್ ರಗ್ ಎಂಬ ಇನ್ನಿಬ್ಬರು ಧರ್ಮಗುರುಗಳೊಂದಿಗೆ ಅವನನ್ನು ಅವನದೇ ಮಠದ ಮುಂದೆ ನೇಣಿಗೆ ಹಾಕಿ, ದೇಹವನ್ನು ತುಂಡರಿಸಿದರು. ಗ್ಲಾಸ್ಟನ್‌ಬರಿಯ ವೃದ್ಧ ಮಠಾಧಿಪತಿಗೂ ಅದೇ ವಾರ ಅದೇ ಗತಿಯಾಯಿತು. ಹ್ಯೂ ಸಂತನೋ ರಾಜಕಾರಣಿಯೋ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಹತ್ತು ವರ್ಷ ಅರಸನ ಮಾತಿಗೆಲ್ಲ ಹೂಂಗುಟ್ಟಿದವನು ಕೊನೆಯಲ್ಲಿ ಒಂದು ಕಡೆ ನಿಂತ. ಆ ನಿಲುವಿನ ಬೆಲೆ ಅವನಿಗೆ ಗೊತ್ತಿಲ್ಲದೇ ಇರಲಿಲ್ಲ. 1895ರಲ್ಲಿ ಕಥೋಲಿಕ ಧರ್ಮಸಭೆ ಅವನನ್ನು ಧನ್ಯನೆಂದು ಸಾರಿತು.

ಮಠಾಧಿಪತಿಯ ರಾಜದ್ರೋಹ ಸಾಬೀತಾದರೆ ಮಠದ ಆಸ್ತಿಯೆಲ್ಲ ಅರಸನಿಗೆ ಸೇರುವಂತೆ ಕಾನೂನನ್ನು ಮೊದಲೇ ಹೊಂದಿಸಿಟ್ಟಿದ್ದರು. ಸ್ಥಾಪಕ ಅರಸ ದಾನಪತ್ರದಲ್ಲಿ ಬೇಡವೆಂದು ಶಾಪ ಹಾಕಿದ್ದನ್ನು ಅವನದೇ ರಕ್ತದ ಇನ್ನೊಬ್ಬ ಹೆನ್ರಿ ಮಾಡಿ ಮುಗಿಸಿದ.

ಕೆಡಹುವ ಕೆಲಸ ಭರದಿಂದ ಸಾಗಿದ್ದು ಆರನೆಯ ಎಡ್ವರ್ಡನ ಕಾಲದಲ್ಲಿ. ಚಾವಣಿಯ ಸೀಸವನ್ನು ಕಿತ್ತು ಮಾರಿದರು. ಸೀಸ ಹೋದ ಮೇಲೆ ಮಳೆ ತನ್ನ ಕೆಲಸ ಮಾಡಿತು. ಊರಿನ ಸೇಂಟ್ ಮೇರಿ ಚರ್ಚನ್ನು 1550ರ ದಶಕದಲ್ಲಿ ಮರಳಿ ಕಟ್ಟಿದಾಗ ಮಠದ ಕಲ್ಲು ಮರಗಳೇ ಒದಗಿದವು. ವಿಂಡ್ಸರ್ ಕೋಟೆಯೊಳಗೆ ಬಡ ಯೋಧರಿಗಾಗಿ ಕಟ್ಟಿದ ಮನೆಗಳಿಗೂ ಇಲ್ಲಿನ ಕಲ್ಲು ಹೋಯಿತು. ಸೇತುವೆಗಳ ದುರಸ್ತಿಗೆ ಇಲ್ಲಿಂದ ಕಲ್ಲು ಒಯ್ಯಲು ಮೊದಲನೆಯ ಎಲಿಝಬೆತ್ 1560ರ ಸನದಿನಲ್ಲಿ ಊರಿಗೆ ಅಪ್ಪಣೆ ಕೊಟ್ಟಳು. ಮಠಾಧಿಪತಿಯ ನಿವಾಸವನ್ನು ಮಾತ್ರ ಅರಮನೆಯಾಗಿ ಉಳಿಸಿಕೊಂಡಿದ್ದರು. 1643ರಲ್ಲಿ ಅಂತರ್ಯುದ್ಧದ ಮುತ್ತಿಗೆ ಉಳಿದದ್ದಕ್ಕೂ ಪೆಟ್ಟು ಕೊಟ್ಟಿತು. ಒಳ ಹೆಬ್ಬಾಗಿಲೊಂದು ಹೇಗೋ ಉಳಿಯಿತು. 1785ರ ಸುಮಾರಿಗೆ ಅಲ್ಲಿ ನಡೆಯುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಹತ್ತು ವರ್ಷದ ಜೇನ್ ಆಸ್ಟೆನ್ ಕೆಲಕಾಲ ಓದಿದಳು. 1861ರ ಬಿರುಗಾಳಿಗೆ ಕುಸಿದ ಅದನ್ನು ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಕಾಟ್ ಮತ್ತೆ ನಿಲ್ಲಿಸಿದ.

ದೇವಾಲಯದ ಪೂರ್ವಭಾಗ, ಅಂದರೆ ಅರಸನ ಸಮಾಧಿಯಿದ್ದ ಕಡೆ, ಸೆರೆಮನೆ ಎದ್ದಿತು. 1786ರಲ್ಲಿ ಅಲ್ಲಿ ಅಗೆಯುತ್ತಿದ್ದ ಕೂಲಿಗಳಿಗೆ ಗೋಡೆಯ ಬುಡದಲ್ಲಿ ಒಣಗಿ ಸುಕ್ಕುಗಟ್ಟಿದ ಒಂದು ಕೈ ಸಿಕ್ಕಿತು. ಸಂತ ಯಾಕೋಬನದೆಂದು ನಂಬಿದ್ದ ಕೈ ಅದೇ ಇರಬೇಕೆಂದು ಹಲವರು ತಿಳಿದರು. ಈಗ ಅದು ಥೇಮ್ಸ್ ದಡದ ಮಾರ್ಲೋ ಊರಿನ ಕಥೋಲಿಕ ಚರ್ಚಿನಲ್ಲಿದೆ. 1844ರಲ್ಲಿ ಹೊಸದಾಗಿ ಕಟ್ಟಿದ ಸೆರೆಮನೆಯಲ್ಲಿ ಮುಂದೆ ಆಸ್ಕರ್ ವೈಲ್ಡ್ ಬಂದಿಯಾಗಿದ್ದ.

ನಮ್ಮ ದೇಶದ ಎಳೆಯೂ ಇಲ್ಲಿದೆ. ಮಠದ ಹೊರ ಅಂಗಳವಾಗಿದ್ದ ಫೋರ್ಬರಿ ಉದ್ಯಾನದಲ್ಲಿ ಎರಕಹೊಯ್ದ ಭಾರೀ ಸಿಂಹವೊಂದು ನಿಂತಿದೆ. 1880ರ ಜುಲೈ 27ರಂದು ಅಫ್ಘಾನಿಸ್ತಾನದ ಮೈವಂದ್‌ನಲ್ಲಿ ಬ್ರಿಟಿಷರು ಸೋತ ಕಾಳಗವೂ ಸೇರಿದಂತೆ ಆ ದಂಡಯಾತ್ರೆಯಲ್ಲಿ ಮಡಿದ 66ನೇ ಬರ್ಕ್‌ಶೈರ್ ರೆಜಿಮೆಂಟಿನ 329 ಮಂದಿಯ ಸ್ಮಾರಕ ಅದು. ಅಂದು ಅವರ ಪಕ್ಕದಲ್ಲಿ ಬೊಂಬಾಯಿ ಸೈನ್ಯದ ಗ್ರೆನೇಡಿಯರುಗಳು, ಜೇಕಬ್ಸ್ ರೈಫಲ್ಸ್‌ನವರು, ಸ್ಯಾಪರುಗಳು, ಸಿಂಧ್ ಕುದುರೆ ಸವಾರರು ಕಾದಾಡಿ ದೊಡ್ಡ ಸಂಖ್ಯೆಯಲ್ಲಿ ಸತ್ತರು. ಪೀಠದ ಮೇಲೆ ಅವರ ಹೆಸರುಗಳಿಲ್ಲ. ಸ್ಥಳೀಯ ರೆಜಿಮೆಂಟಿನ ಸ್ಮಾರಕವಾದ್ದರಿಂದ ಅದು ಸಹಜವೇ ಇರಬಹುದು. ಆದರೂ ಅಲ್ಲಿ ನಿಂತು ಆ ಹೆಸರುಗಳನ್ನು ಓದುವ ಭಾರತೀಯನಿಗೆ ಇಲ್ಲದ ಹೆಸರುಗಳ ನೆನಪು ಬಾರದೆ ಇರುವುದಿಲ್ಲ. ಗಾಂಧೀಜಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾದ 1924ರಲ್ಲಿ ನಮ್ಮ ವೈಸ್‌ರಾಯ್ ಆಗಿದ್ದ ಲಾರ್ಡ್ ರೆಡಿಂಗ್ ಕೂಡ, ತಾನು ಪಾರ್ಲಿಮೆಂಟಿನಲ್ಲಿ ಪ್ರತಿನಿಧಿಸಿದ್ದ ಈ ಊರಿನ ಹೆಸರನ್ನೇ ಬಿರುದಾಗಿ ಪಡೆದವನು.

ಗೋಡೆಗಳಿಂದ ಕಲ್ಲು ಉದುರತೊಡಗಿದ್ದರಿಂದ 2009ರಲ್ಲಿ ಅವಶೇಷಗಳನ್ನು ಮುಚ್ಚಿದ ನಗರಸಭೆ, ಗಾರೆಯನ್ನು ಭದ್ರಪಡಿಸಿ 2018ರ ಜೂನ್‌ನಲ್ಲಿ ಮತ್ತೆ ತೆರೆಯಿತು. ಸನ್ಯಾಸಿಗಳ ಸಭಾಭವನದ ಗೋಡೆಯ ಮೇಲೆ ಕುಕ್ಕೂ ಹಾಡಿನ ಸ್ವರಲಿಪಿಯನ್ನು ಕೊರೆದ ಫಲಕವಿದೆ. ಕೈಸಾಲೆಯ ಕಂಬಗಳ ಬೋದಿಗೆಗಳು ನಗರದ ವಸ್ತುಸಂಗ್ರಹಾಲಯದಲ್ಲಿವೆ; ಥೇಮ್ಸ್ ದಡದ ಬರೋ ಮಾರ್ಷ್ ಎಂಬಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕ ಕಲ್ಲುಗಳವು. ಅವುಗಳಲ್ಲೊಂದರಲ್ಲಿ ಕ್ರಿಸ್ತನು ಮಾತೆ ಮರಿಯಳಿಗೆ ಕಿರೀಟ ತೊಡಿಸುವ ಚಿತ್ರವಿದೆ. ಮುಖಗಳು ಸವೆದು ಹೋಗಿವೆ, ಬಟ್ಟೆಯ ನೆರಿಗೆಗಳು ಮಾತ್ರ ನೀರಿನ ಅಲೆಯಂತೆ ಸ್ಪಷ್ಟವಾಗಿವೆ. ಯುರೋಪಿನ ಶಿಲ್ಪದಲ್ಲಿ ಈ ವಸ್ತುವಿನ ಅತಿ ಹಳೆಯ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ.

ಲೆಸ್ಟರಿನ ಕಾರು ನಿಲ್ಲಿಸುವ ಜಾಗದಡಿ 2012ರಲ್ಲಿ ಮೂರನೆಯ ರಿಚರ್ಡನ ಎಲುಬು ಸಿಕ್ಕ ಮೇಲೆ, ರೆಡಿಂಗಿನಲ್ಲೂ ಹೆನ್ರಿಯನ್ನು ಹುಡುಕುವ ಉತ್ಸಾಹ ಹುಟ್ಟಿತು. 2016ರಲ್ಲಿ ನೆಲದೊಳಗನ್ನು ರಾಡಾರಿನಿಂದ ನೋಡಿದಾಗ, ಸೆರೆಮನೆಯ ವಾಹನ ನಿಲುಗಡೆಯ ಅಡಿಯಲ್ಲಿ ಗೋರಿಗಳಿರಬಹುದಾದ ಗುರುತುಗಳು ಕಂಡವು. ಸೆರೆಮನೆ ಅದಕ್ಕೂ ಮೊದಲೇ ಖಾಲಿಯಾಗಿತ್ತು. ಅಗೆಯುವ ಅವಕಾಶ ಒದಗಿದರೆ ಪತ್ರಿಕೆಗಳೆಲ್ಲ ಅರಸನ ಪೆಟ್ಟಿಗೆಯನ್ನೇ ಕೇಳುತ್ತವೆ. ನನಗೆ ಬೇಕಾದದ್ದು ಬೇರೆ. ಆ ಪೂರ್ವಭಾಗದ ನಕ್ಷೆ ಪೂರ್ತಿಯಾಗಿ ತಿಳಿಯಬೇಕು. ಪ್ರಧಾನ ಬಲಿಪೀಠ ಎಲ್ಲಿತ್ತು, ಯಾತ್ರಿಕರು ಯಾವ ಕಡೆಯಿಂದ ಸುತ್ತಿ ಸಂತನ ಕೈಯ ಬಳಿ ಬರುತ್ತಿದ್ದರು, ಆ ಮೂರು ವರ್ಷದ ಮಗುವಿನ ಗೋರಿ ಮುತ್ತಜ್ಜನ ಕಾಲಬಳಿ ಇನ್ನೂ ಇದೆಯೇ, ನಾನ್ನೂರು ವರ್ಷ ಆ ಮನೆಯನ್ನು ನಡೆಸಿ ಹೆಸರಿಲ್ಲದೆ ಮಣ್ಣಾದ ಸನ್ಯಾಸಿಗಳನ್ನು ಎಲ್ಲಿ ಮಲಗಿಸಿದರು ಎಂಬುದಕ್ಕೆ ಉತ್ತರ ಬೇಕು. ಅದಕ್ಕೆ ಬೇಕಾದದ್ದು ಒಂದು ಶವಪೆಟ್ಟಿಗೆಯ ಬೇಟೆಯಲ್ಲ, ಹತ್ತಾರು ವರ್ಷ ತಾಳ್ಮೆಯಿಂದ ಪದರ ಪದರವಾಗಿ ನಡೆಯುವ ಉತ್ಖನನ. ಮತ್ತು ಆ ಜಾಗ ಯಾರ ಕೈಗೆ ಹೋದರೂ ಅದಕ್ಕೆ ದಾರಿ ಮುಚ್ಚದಂಥ ಒಂದು ಕಟ್ಟುಪಾಡು.